ಚಂದ್ರನ ಮೇಲೆ ಮನೆ ಮಾಡಿದರೆ ಧೂಳು ಗುಡಿಸೋದು ಹೇಗೆ?

1972ರ ಡಿಸೆಂಬರ್. ಅಮೆರಿಕದ ಅಪೊಲೊ 17 ಚಂದ್ರಯಾತ್ರೆ. ಚಂದ್ರನ ಟಾರಸ್-ಲಿಟ್ರೋ ಕಣಿವೆಯಲ್ಲಿ ಏಳು ಗಂಟೆ ಓಡಾಡಿ, ಕಲ್ಲು ಮಣ್ಣು ಆರಿಸಿಕೊಂಡು, ಹ್ಯಾರಿಸನ್ ಶ್ಮಿಟ್ ಮತ್ತು ಜೀನ್ ಸರ್ನನ್ ತಮ್ಮ ಪುಟ್ಟ ನೌಕೆಯೊಳಗೆ ಬಂದರು. ಬಾಗಿಲು ಹಾಕಿದರು, ಒಳಗೆ ಗಾಳಿ ತುಂಬಿಸಿಕೊಂಡರು, ಹೆಲ್ಮೆಟ್ ತೆಗೆದರು. ಸ್ವಲ್ಪ ಹೊತ್ತಿಗೇ ಶ್ಮಿಟ್ ಮೂಗು ಕಟ್ಟಿತು. ಭೂಮಿಯ ಜೊತೆ ಮಾತಾಡುವಾಗ ಅವರ ದನಿ ನೆಗಡಿ ಹಿಡಿದವರ ದನಿಯ ಹಾಗಿತ್ತು. ಹೂವಿನ ಪರಾಗದ ಅಲರ್ಜಿಗೆ ಅಮೆರಿಕನ್ನರು 'ಹೇ ಫೀವರ್' ಅನ್ನುತ್ತಾರಲ್ಲ, ನನಗೆ ಚಂದ್ರನ ಹೇ ಫೀವರ್ ಬಂದಿದೆ ಅಂತ ಅವರೇ ತಮಾಷೆ ಮಾಡಿದರು. ಹೂವಿಲ್ಲ, ಗಿಡವಿಲ್ಲ, ಗಾಳಿಯೇ ಇಲ್ಲದ ಜಾಗದಲ್ಲಿ ಅಲರ್ಜಿ!

ಚಂದ್ರನ ಮೇಲೆ ನಡೆದ 12 ಮಂದಿಯಲ್ಲಿ ಶ್ಮಿಟ್ ಒಬ್ಬರೇ ವಿಜ್ಞಾನಿ. ಕಲ್ಲು ಮಣ್ಣಿನ ಜೊತೆಗೇ ಬದುಕಿದ ಭೂವಿಜ್ಞಾನಿ. ಅವರಿಗೇ ಮಣ್ಣು ಆಗಿಬರಲಿಲ್ಲ. ಅವತ್ತು ಅದು ನಗುವ ವಿಷಯ. ಯಾಕೆಂದರೆ ಅವರು ಅಲ್ಲಿ ಇದ್ದದ್ದು ಒಟ್ಟು 75 ಗಂಟೆ, ಮೂರು ದಿನ ಚಿಲ್ಲರೆ. ಮೂರು ದಿನಕ್ಕೆ ಯಾವ ಧೂಳಾದರೂ ಸಹಿಸಬಹುದು, ಅಲ್ವಾ? ಈಗ ಮಾತು ಬೇರೆ. ಅಮೆರಿಕದ ಆರ್ಟೆಮಿಸ್ ಯೋಜನೆ ದಕ್ಷಿಣ ಧ್ರುವದ ಕಡೆ ನೆಲೆ ಹೂಡುವ ಮಾತಾಡುತ್ತಿದೆ. ಚೀನಾ 2030ರೊಳಗೆ ತನ್ನವರನ್ನು ಇಳಿಸುತ್ತೇನೆ ಅನ್ನುತ್ತಿದೆ. ಭಾರತ 2040ರ ಗುರಿ ಇಟ್ಟುಕೊಂಡಿದೆ. ಹೋಗಿ ಬರುವುದಲ್ಲ, ಹೋಗಿ ಇರುವುದು. ಆಗ ಈ ಧೂಳು ದಿನಾ ಮನೆಯೊಳಗೆ ಬರುವ ನೆಂಟ.

'ಚಂದ್ರನ ಧೂಳು ವಿಷ' ಅನ್ನೋ ತಲೆಬರಹ ನೀವೂ ಓದಿರಬಹುದು. ನನಗೆ ಆ ಪದದ ಮೇಲೇ ತಕರಾರು. ವಿಷ ಅಂದ ಕೂಡಲೇ ಇಲಿ ಪಾಷಾಣದ ಹಾಗೆ, ಮೈಯೊಳಗೆ ಹೋದರೆ ರಕ್ತ ಸೇರಿ ಕೊಲ್ಲುವ ವಸ್ತು ಅನ್ನೋ ಚಿತ್ರ ಬರುತ್ತದೆ. ಚಂದ್ರನ ಧೂಳು ಆ ಜಾತಿಯದ್ದಲ್ಲ. ಅದರ ಕೆಡುಕು ಹೆಚ್ಚಾಗಿ ಅದರ ಆಕಾರದಲ್ಲಿ, ಅಳತೆಯಲ್ಲಿ, ಮತ್ತೆ ನಾವು ಎಷ್ಟು ದಿನ ಅದರ ಜೊತೆ ಇರುತ್ತೇವೆ ಅನ್ನುವುದರಲ್ಲಿ ಇದೆ.

ನಮ್ಮ ಹೊಳೆಯ ಮರಳನ್ನು ಅಂಗೈಲಿ ಉಜ್ಜಿದರೆ ಜಾರುತ್ತದೆ. ನೀರು, ಗಾಳಿ ಅದನ್ನು ಸಾವಿರಾರು ವರ್ಷ ಉರುಳಿಸಿ ಮೂಲೆ ಸವೆಸಿರುತ್ತವೆ. ಚಂದ್ರನಲ್ಲಿ ಹೊಳೆ ಇಲ್ಲ, ಗಾಳಿ ಇಲ್ಲ. ಅಲ್ಲಿನ ಮಣ್ಣು ಹುಟ್ಟಿದ್ದೇ ಏಟು ತಿಂದು. ಕೋಟ್ಯಂತರ ವರ್ಷಗಳಿಂದ ಸಣ್ಣ ಸಣ್ಣ ಉಲ್ಕೆಗಳು ಬಂದು ಬಡಿಯುತ್ತಲೇ ಇವೆ. ಕಲ್ಲು ಒಡೆದು ಪುಡಿಯಾಗುತ್ತದೆ, ಬಿಸಿಗೆ ಕರಗಿ ಗಾಜಾಗುತ್ತದೆ, ಆ ಗಾಜು ಪುಡಿಯ ಚೂರುಗಳನ್ನು ಅಡ್ಡಾದಿಡ್ಡಿ ಅಂಟಿಸುತ್ತದೆ, ಮತ್ತೆ ಒಡೆಯುತ್ತದೆ. ಒಡೆದದ್ದು ಒಡೆದ ಹಾಗೇ ಉಳಿಯುತ್ತದೆ. ಸವೆಸುವವರು ಯಾರೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಬಾಟಲಿಯ ಚೂರುಗಳನ್ನು ರಾಶಿ ಹಾಕಿದ ಹಾಗೆ ಕಾಣುತ್ತದೆ.

ಅದೂ ಎಷ್ಟು ನುಣ್ಣನೆಯ ಪುಡಿ! ಅಲ್ಲಿನ ಮಣ್ಣಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ 20 ಮೈಕ್ರಾನ್‌ಗಿಂತ ಸಣ್ಣದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ರಂಗೋಲಿ ಪುಡಿ ನೆನಪಿಸಿಕೊಳ್ಳಿ. ಅದೂ ಕಲ್ಲಿನ ಪುಡಿಯೇ. ಆದರೆ ರಂಗೋಲಿ ಪುಡಿ ಬೆರಳಿನಿಂದ ಉದುರುತ್ತದೆ, ಅದಕ್ಕೇ ಗೆರೆ ಎಳೆಯಲು ಬರುತ್ತದೆ. ಚಂದ್ರನ ಪುಡಿ ಉದುರುವುದಿಲ್ಲ, ಹಿಡಿದುಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಹಗಲಿನಲ್ಲಿ ಅದರಿಂದ ಎಲೆಕ್ಟ್ರಾನ್ ಕಿತ್ತು ವಿದ್ಯುದಂಶ ತುಂಬುತ್ತದೆ. ಪ್ಲಾಸ್ಟಿಕ್ ಬಾಚಣಿಗೆಗೆ ಕಾಗದದ ಚೂರು ಅಂಟುವ ಹಾಗೆ ಸೂಟಿಗೆ ಅಂಟುತ್ತದೆ. ಮೊನಚು ಮೂಲೆಗಳು ಬಟ್ಟೆಯ ನೂಲಿಗೆ ಕೊಕ್ಕೆ ಹಾಕಿಕೊಳ್ಳುತ್ತವೆ. ಅಪೊಲೊದವರು ಬ್ರಷ್ ಹಿಡಿದು ಒಬ್ಬರಿಗೊಬ್ಬರು ಝಾಡಿಸಿಕೊಂಡರೂ ಪೂರ್ತಿ ಹೋಗಲಿಲ್ಲ.

ಸರ್ನನ್ ಪೇಚಾಡಿದ ಒಂದು ಪ್ರಸಂಗ ಇದೆ. ಮೊದಲ ದಿನವೇ ಅವರ ಸುತ್ತಿಗೆ ತಗುಲಿ ರೋವರ್ ಗಾಡಿಯ ಹಿಂದಿನ ಮಡ್‌ಗಾರ್ಡ್ ಮುರಿಯಿತು. ಟೇಪ್ ಹಾಕಿ ಕೂರಿಸಲು ನೋಡಿದರು. ಎಲ್ಲದರ ಮೇಲೂ ಧೂಳು, ಟೇಪ್ ಹಿಡಿಯುವುದೇ ಇಲ್ಲ. ಹೇಗೋ ಅಂಟಿಸಿದ್ದು ಸ್ವಲ್ಪ ದೂರಕ್ಕೇ ಕಳಚಿ ಬಿತ್ತು. ಆಮೇಲೆ ಚಕ್ರ ಎಬ್ಬಿಸಿದ ಧೂಳೆಲ್ಲ ಇವರ ತಲೆ ಮೇಲೆ ಮಳೆ ಸುರಿದ ಹಾಗೆ. ಮರುದಿನ ನಾಲ್ಕು ನಕ್ಷೆಗಳನ್ನು ಟೇಪ್‌ನಿಂದ ಜೋಡಿಸಿ, ಕ್ಲಾಂಪ್ ಹಾಕಿ ಬಿಗಿದು, ಕೈಯಾರೆ ಮಾಡಿದ ಮಡ್‌ಗಾರ್ಡ್‌ನಲ್ಲೇ ಗಾಡಿ ಓಡಿಸಿದರು. ಭೂಮಿಗೆ ಬಂದ ಮೇಲೆ ಸರ್ನನ್ ಹೇಳಿದ್ದರ ತಾತ್ಪರ್ಯ ಇಷ್ಟೇ: ಬೇರೆ ತೊಂದರೆಗಳನ್ನು ಗೆಲ್ಲಬಹುದು, ಚಂದ್ರನ ಮೇಲೆ ಕೆಲಸಕ್ಕೆ ದೊಡ್ಡ ಅಡ್ಡಿ ಅಂದರೆ ಈ ಧೂಳು.

ಇದು ಯಂತ್ರದ ಕಥೆಯಾಯಿತು. ಮೈಗೆ ಏನು ಮಾಡುತ್ತದೆ?

ನಮ್ಮ ಮೂಗು, ಗಂಟಲು 10 ಮೈಕ್ರಾನ್‌ಗಿಂತ ದಪ್ಪಗಿರುವ ಕಣಗಳನ್ನು ಸಾಮಾನ್ಯವಾಗಿ ಅಲ್ಲೇ ತಡೆಯುತ್ತವೆ. ಸೀನುತ್ತೇವೆ, ಕಫ ಬರುತ್ತದೆ, ಮುಗಿಯಿತು. ಶ್ಮಿಟ್‌ಗೆ ಆದದ್ದು ಈ ಮಟ್ಟದ್ದು. ಅದಕ್ಕಿಂತ ಸಣ್ಣದು ಕೆಳಗೆ ಇಳಿಯುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಹೋಗಬಲ್ಲದು. ಅಲ್ಲಿ ಕಸ ಗುಡಿಸಲು ಒಂದು ಜಾತಿಯ ರಕ್ಷಕ ಜೀವಕೋಶಗಳಿವೆ. ಬಂದದ್ದನ್ನು ನುಂಗುವುದು ಅವುಗಳ ಕೆಲಸ. ನುಂಗಿದ್ದು ಜೀರ್ಣವಾಗದ ಕಲ್ಲಿನ ಚೂರಾದರೆ ನುಂಗಿದ ಜೀವಕೋಶವೇ ಸಾಯಬಹುದು, ಇನ್ನೊಂದು ಬಂದು ನುಂಗುತ್ತದೆ. ಹೀಗೆ ಉರಿಯೂತ ಆರದೆ ನಿಂತರೆ ಆ ಜಾಗ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ.

ಈ ಕಾಯಿಲೆ ನಮಗೆ ಹೊಸದಲ್ಲ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ 1940ರ ದಶಕದಲ್ಲೇ ದಾಖಲಾಗಿದೆ. ಈಗಲೂ ಮನೆ ಕಟ್ಟುವ ಕಡೆ ಹೋಗಿ ನೋಡಿ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ಯುವ ಹುಡುಗ ಮೂಗಿಗೆ ಒಂದು ಟವೆಲ್ ಸುತ್ತಿಕೊಂಡಿರುತ್ತಾನೆ, ಅಷ್ಟೇ. ಮಷೀನ್ ನಿಂತ ಮೇಲೆ ಅವನ ರೆಪ್ಪೆ ಬೆಳ್ಳಗಿರುತ್ತದೆ. ಟವೆಲ್ ತಡೆಯುವುದು ಕಣ್ಣಿಗೆ ಕಾಣುವ ಧೂಳನ್ನು. ಕೆಡುಕು ಮಾಡುವುದು ಕಾಣದ್ದು.

ಚಂದ್ರನ ಬಗ್ಗೆ ಬರೆಯುವವರು ಇಲ್ಲಿಯೇ ಒಂದು ತಪ್ಪು ಮಾಡುತ್ತಾರೆ. 'ಅಲ್ಲಿನ ಮಣ್ಣಿನಲ್ಲಿ ಅರ್ಧದಷ್ಟು ಸಿಲಿಕಾ, ಹಾಗಾಗಿ ಗಣಿ ಕಾರ್ಮಿಕರಿಗೆ ಆದದ್ದೇ ಇವರಿಗೂ ಆಗುತ್ತದೆ' ಅನ್ನುತ್ತಾರೆ. ಹಾಗಲ್ಲ. ಗಣಿಯಲ್ಲಿ, ಗ್ರಾನೈಟ್‌ನಲ್ಲಿ ಕೊಲ್ಲುವುದು ಬಿಡಿ ಹರಳಿನ ರೂಪದ ಸಿಲಿಕಾ, ಅಂದರೆ ಕ್ವಾರ್ಟ್ಜ್, ಬೆಣಚುಕಲ್ಲು. ಚಂದ್ರನಲ್ಲಿ ಸಿಲಿಕಾ ಧಾರಾಳವಾಗಿದೆ ನಿಜ. ಆದರೆ ಹೆಚ್ಚೂಕಡಿಮೆ ಎಲ್ಲವೂ ಬೇರೆ ಖನಿಜಗಳ ಒಳಗೆ, ಗಾಜಿನ ಒಳಗೆ ಕಟ್ಟುಬಿದ್ದಿದೆ. ಬಿಡಿ ಕ್ವಾರ್ಟ್ಜ್ ತೀರಾ ಅಪರೂಪ. ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸ.

ಲೆಕ್ಕ ಅಂದೆನಲ್ಲ, ನಾಸಾ ಅದನ್ನು ಮಾಡಿಸಿದೆ. ಅಪೊಲೊ 14 ತಂದ ನಿಜವಾದ ಚಂದ್ರನ ಮಣ್ಣನ್ನು ನುಣ್ಣಗೆ ಮಾಡಿ, ಇಲಿಗಳಿಗೆ ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 4 ವಾರ ಉಸಿರಾಡಿಸಿದರು. ಒಂದು ಘನ ಮೀಟರ್ ಗಾಳಿಯಲ್ಲಿ 6.8 ಮಿಲಿಗ್ರಾಂ ಧೂಳು ಇದ್ದಾಗಲೂ ಗಮನಿಸುವಂಥ ಹಾನಿ ಕಾಣಲಿಲ್ಲ. 20.8ಕ್ಕೆ ಏರಿಸಿದಾಗ ಶ್ವಾಸಕೋಶದಲ್ಲಿ ಉರಿಯೂತ, 60.6ಕ್ಕೆ ಇನ್ನೂ ಜಾಸ್ತಿ. ಹೋಲಿಸಿ ನೋಡಿದರೆ ಚಂದ್ರನ ಧೂಳು ಪೇಂಟ್‌ಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್‌ಗಿಂತ ಕೆಟ್ಟದ್ದು, ಕ್ವಾರ್ಟ್ಜ್‌ನಷ್ಟು ಕೆಟ್ಟದ್ದಲ್ಲ. ನಡುವಿನದ್ದು. ಇದೆಲ್ಲ ನೋಡಿ, ಮನುಷ್ಯನಿಗೆ ಬೇಕಾದ ಅಂತರ ಬಿಟ್ಟು, ನಾಸಾ ಒಂದು ಮಿತಿ ಹಾಕಿದೆ: 10 ಮೈಕ್ರಾನ್‌ಗಿಂತ ಸಣ್ಣ ಧೂಳು ಘನ ಮೀಟರಿಗೆ ಸರಾಸರಿ 0.3 ಮಿಲಿಗ್ರಾಂ ಮೀರಬಾರದು. ಅಮೆರಿಕದ ಕಾರ್ಖಾನೆಗಳಲ್ಲಿ ಕ್ವಾರ್ಟ್ಜ್ ಧೂಳಿಗೆ ಇರುವ ಮಿತಿ 0.05. ಅದಕ್ಕಿಂತ ಇದು ಆರು ಪಟ್ಟು ಸಡಿಲ.

ಇನ್ನೊಂದು ಹೋಲಿಕೆ ಮಾಡಿ ನೋಡಿದೆ, ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 0.3 ಮಿಲಿಗ್ರಾಂ ಅಂದರೆ 300 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಇದೇ ಅಳತೆಯ ಧೂಳಿಗೆ 24 ಗಂಟೆಯ ಮಿತಿ 100 ಮೈಕ್ರೋಗ್ರಾಂ. ದೆಹಲಿಯಲ್ಲಿ ಚಳಿಗಾಲದ ಕೆಟ್ಟ ದಿನಗಳಲ್ಲಿ 300 ದಾಟುವುದು ಸುದ್ದಿಯೇ ಅಲ್ಲ. ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದವರು 2025ರಲ್ಲಿ ಇದನ್ನೇ ಇನ್ನೊಂದು ರೀತಿ ಪರೀಕ್ಷಿಸಿದರು. ಮನುಷ್ಯನ ಶ್ವಾಸಕೋಶದ ಜೀವಕೋಶಗಳ ಮೇಲೆ ಚಂದ್ರನ ಮಣ್ಣಿನ ನಕಲು ಪುಡಿಯನ್ನೂ, ಸಿಡ್ನಿಯ ಗಿಜಿಗುಡುವ ರಸ್ತೆಯ ಗಾಳಿಯ ಧೂಳನ್ನೂ ಹಾಕಿದರು. ಹೆಚ್ಚು ಹಾನಿ ಮಾಡಿದ್ದು ರಸ್ತೆ ಧೂಳು.

ಹಾಗಾದರೆ 2018ರಲ್ಲಿ ಬಂದ ಆ ಭಯಂಕರ ಸುದ್ದಿ? ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ನಕಲು ಚಂದ್ರ ಮಣ್ಣು ಶ್ವಾಸಕೋಶದ ಮತ್ತು ಮೆದುಳಿನ ಜೀವಕೋಶಗಳನ್ನು ಕೆಲವು ಸಂದರ್ಭಗಳಲ್ಲಿ ಶೇ. 90ರವರೆಗೂ ಸಾಯಿಸಿತು, ಉಳಿದವುಗಳ ಡಿಎನ್‌ಎಗೂ ಪೆಟ್ಟು ಕೊಟ್ಟಿತು. ಅದು ಸುಳ್ಳಲ್ಲ. ಆದರೆ ಗಾಜಿನ ತಟ್ಟೆಯಲ್ಲಿರುವ ಜೀವಕೋಶದ ಮೇಲೆ ಪುಡಿ ನೇರವಾಗಿ ಬೀಳುತ್ತದೆ. ಅದಕ್ಕೆ ಮೂಗಿಲ್ಲ, ಕಫವಿಲ್ಲ, ಕೆಮ್ಮಿಲ್ಲ. ತಟ್ಟೆಯ ಪ್ರಯೋಗ 'ಹೀಗಾಗಬಹುದು' ಅನ್ನುತ್ತದೆ, 'ಹೀಗೇ ಆಗುತ್ತದೆ' ಅನ್ನುವುದಿಲ್ಲ. ಸಿಡ್ನಿಯ ಸಮಾಧಾನದ ಸುದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಎರಡೂ ಕಡೆ ಇದ್ದದ್ದು ಭೂಮಿಯಲ್ಲಿ ಮಾಡಿದ ನಕಲು.

ನಕಲು ಮತ್ತು ಅಸಲಿನ ವ್ಯತ್ಯಾಸ ಗೊತ್ತಾಗಬೇಕಾದರೆ ವಾಸನೆಯ ಕಥೆ ಕೇಳಬೇಕು. ಅಪೊಲೊದವರಲ್ಲಿ ಹಲವರು ಹೇಳಿದ್ದು ಒಂದೇ: ಹೆಲ್ಮೆಟ್ ತೆಗೆದರೆ ಸುಟ್ಟ ಮದ್ದಿನ ವಾಸನೆ. ದೀಪಾವಳಿ ರಾತ್ರಿ ಪಟಾಕಿ ಮುಗಿದ ಮೇಲೆ ಬೀದಿಯಲ್ಲಿ ಇರುತ್ತದಲ್ಲ, ಅದು. ಅದೇ ಮಣ್ಣು ಭೂಮಿಗೆ ಬಂದ ಮೇಲೆ ವಾಸನೆಯೇ ಇಲ್ಲ. ಹೊಸದಾಗಿ ಒಡೆದ ಕಲ್ಲಿನ ಮೇಲ್ಮೈಯಲ್ಲಿ ಜೋಡಿ ತಪ್ಪಿದ ರಾಸಾಯನಿಕ ಕೊಂಡಿಗಳಿರುತ್ತವೆ. ಚಂದ್ರನಲ್ಲಿ ಅವು ಹಾಗೇ ಕೈ ಚಾಚಿಕೊಂಡು ಇರುತ್ತವೆ, ಹಿಡಿಯಲು ಆಮ್ಲಜನಕವೂ ಇಲ್ಲ, ತೇವವೂ ಇಲ್ಲ. ನೌಕೆಯೊಳಗಿನ ಗಾಳಿ, ಮೂಗಿನ ಪಸೆ ಸಿಕ್ಕ ಕೂಡಲೇ ಹಿಡಿದುಕೊಳ್ಳುತ್ತವೆ. ವಾಸನೆ ಆ ಹೊತ್ತಿನದ್ದು ಅಂತ ವಿಜ್ಞಾನಿಗಳ ಊಹೆ. ಆಮೇಲೆ ಪುಡಿ ತಣ್ಣಗಾಗುತ್ತದೆ. ಅಂದರೆ ಭೂಮಿಯ ಪ್ರಯೋಗಾಲಯದಲ್ಲಿರುವುದು ಹಳಸಿದ ಧೂಳು. ಅಲ್ಲಿ ಇರುವವರ ಮೂಗಿಗೆ ಹೋಗುವುದು ತಾಜಾ.

ಇದು ದೊಡ್ಡ ಭಯವಾಗಿತ್ತು. ಪುಡಿಯನ್ನು ಮತ್ತೆ ಅರೆದು, ಮೇಲ್ಮೈಯನ್ನು ತಾಜಾ ಮಾಡಿ ಇಲಿಗಳ ಮೇಲೆ ಪರೀಕ್ಷಿಸಿದರು. ಅಚ್ಚರಿ ಅಂದರೆ, ಮೇಲ್ಮೈ ಎಷ್ಟು ಚುರುಕಾಗಿದ್ದರೂ ಶ್ವಾಸಕೋಶದ ಹಾನಿ ಅದಕ್ಕೆ ತಕ್ಕ ಹಾಗೆ ಏರಲಿಲ್ಲ. ಸದ್ಯಕ್ಕೆ ಇದು ಒಳ್ಳೆಯ ಸುದ್ದಿ. ನಾನು ಇಷ್ಟು ಮಾತ್ರ ಹೇಳುತ್ತೇನೆ: 4 ವಾರದ ಇಲಿಯಿಂದ ವರ್ಷಗಟ್ಟಲೆ ಇರುವ ಮನುಷ್ಯನಿಗೆ ಹೋಗುವ ದಾರಿ ಉದ್ದದ್ದು.

ಆ 0.3ರ ಮಿತಿಯನ್ನೇ ಇನ್ನೊಮ್ಮೆ ಓದಿ. ಅದು ಬಿಟ್ಟು ಬಿಟ್ಟು ತಾಗುವ ಧೂಳಿಗೆ, ಆರು ತಿಂಗಳವರೆಗಿನ ವಾಸಕ್ಕೆ ಹಾಕಿದ್ದು. ಅಲ್ಲೇ ಹತ್ತು ವರ್ಷ ಸಂಸಾರ ಮಾಡುವವರಿಗೆ ಅಲ್ಲ. ಸಡಿಲ ಅಂತ ಕಂಡ ಮಿತಿ ನಿಜವಾದ ಮನೆಯೊಳಗೆ ಎಷ್ಟು ಬಿಗಿ ಅನ್ನುವುದಕ್ಕೂ ಒಂದು ಲೆಕ್ಕ ಹಾಕೋಣ. ಶ್ಮಿಟ್ ಮತ್ತು ಸರ್ನನ್ ಇದ್ದ ನೌಕೆಯ ಒಳಗಿನ ಜಾಗ 6.7 ಘನ ಮೀಟರ್. 0.3ರಿಂದ ಗುಣಿಸಿದರೆ 2 ಮಿಲಿಗ್ರಾಂ. ಅಷ್ಟು ನುಣ್ಣನೆಯ ಧೂಳು ಗಾಳಿಯಲ್ಲಿ ತೇಲುತ್ತಿದ್ದರೆ ಸಾಕು, ಮಿತಿ ಮುಟ್ಟಿತು. ಒಂದು ಚಿಟಿಕೆ ಉಪ್ಪಿನಲ್ಲೇ ನೂರಾರು ಮಿಲಿಗ್ರಾಂ ಇರುತ್ತದೆ. ಹತ್ತಕ್ಕೆ ಹತ್ತು ಅಡಿಯ, ಹತ್ತು ಅಡಿ ಎತ್ತರದ ನಮ್ಮ ಮಾಮೂಲಿ ರೂಮಿಗೆ ಲೆಕ್ಕ ಹಾಕಿದರೂ ಎಂಟೂವರೆ ಮಿಲಿಗ್ರಾಂ ಆಗುತ್ತದೆ. ಒಂದು ಸೂಟಿನ ಮೊಣಕಾಲಲ್ಲಿ ಅದಕ್ಕಿಂತ ಜಾಸ್ತಿ ಕೂತಿರುತ್ತದೆ.

ಜೊತೆಗೆ ಅಲ್ಲಿನ ಗುರುತ್ವ ನಮ್ಮದರ ಆರನೇ ಒಂದು ಭಾಗ. ಧೂಳು ನೆಲಕ್ಕೆ ಕೂರುವುದು ನಿಧಾನ, ಗಾಳಿಯಲ್ಲೇ ಜಾಸ್ತಿ ಹೊತ್ತು. ಮೈಯೊಳಗೂ ಹಾಗೇ. ಭೂಮಿಯಲ್ಲಿ ಎಷ್ಟೋ ಕಣಗಳು ತಮ್ಮ ತೂಕಕ್ಕೇ ಶ್ವಾಸನಾಳದ ಮೇಲಿನ ಭಾಗದಲ್ಲಿ ಕೂತುಬಿಡುತ್ತವೆ. ಕಡಿಮೆ ಗುರುತ್ವದಲ್ಲಿ ಕೂರುವುದು ಒಟ್ಟಿನಲ್ಲಿ ಕಡಿಮೆ, ಕೆಲವು ಉಸಿರಿನ ಜೊತೆ ಆಚೆಯೂ ಬರುತ್ತವೆ. ಆದರೆ ಕೂರುವುದು ಇನ್ನೂ ಒಳಗೆ, ತುದಿಯಲ್ಲಿ. ತುದಿಯಿಂದ ಕೆಮ್ಮಿ ಹೊರಹಾಕುವುದು ಕಷ್ಟ. ಕಡಿಮೆ ಕೂತರೂ ಜಾಸ್ತಿ ದಿನ ಕೂರುತ್ತದೆ.

ಅಲರ್ಜಿಯ ಮಾತೂ ಬಾಕಿ ಇದೆ. ಶ್ಮಿಟ್‌ಗೆ ಎರಡನೇ, ಮೂರನೇ ದಿನ ಅಷ್ಟು ಕಾಡಲಿಲ್ಲ, ಮೈ ಒಗ್ಗಿತು ಅನಿಸುತ್ತದೆ. ಆದರೆ ಭೂಮಿಯಲ್ಲಿ ಒಬ್ಬ ಅಪೊಲೊ ವೈದ್ಯರಿಗೆ ಉಲ್ಟಾ ಆಯಿತು. ಯಾತ್ರಿಗಳು ವಾಪಸ್ ಬಂದ ಮೇಲೆ ಧೂಳು ಹಿಡಿದ ಸೂಟುಗಳನ್ನು ಬಿಚ್ಚಿ ತೆಗೆಯುವ ಕೆಲಸ ಅವರದ್ದು. ಪ್ರತಿ ಸಲವೂ ಅಲರ್ಜಿ ಹಿಂದಿನ ಸಲಕ್ಕಿಂತ ಜೋರಾಯಿತು, ರಕ್ತದಲ್ಲಿ ಅಲರ್ಜಿಯ ಬಿಳಿ ಕಣಗಳೂ ಏರಿದವು. ನನಗೆ ಶ್ಮಿಟ್ ಕಥೆಗಿಂತ ಈ ಕಥೆ ಮುಖ್ಯ ಅನಿಸುತ್ತದೆ. ಚಂದ್ರನ ಮೇಲೆ ನಡೆದ 12 ಮಂದಿಯೂ ಆರಿಸಿ ಆರಿಸಿ ತೆಗೆದ ಗಟ್ಟಿಮುಟ್ಟು ಗಂಡಸರು. ನೆಲೆ ಅಂತ ಆದ ಮೇಲೆ ಪ್ಲಂಬರ್ ಬೇಕು, ಎಲೆಕ್ಟ್ರಿಷಿಯನ್ ಬೇಕು, ಅಡುಗೆಯವರು ಬೇಕು. ಅವರಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಉಬ್ಬಸ ಇದ್ದರೆ?

ಇನ್ನು ನಿಜವಾದ ವಿಷದ ವಿಷಯ. ಇಷ್ಟು ಹೊತ್ತು ಹೇಳಿದ್ದು ಅಪೊಲೊ ಇಳಿದ ಜಾಗಗಳ ಧೂಳಿನ ಬಗ್ಗೆ. ಈಗ ಹೊರಟಿರುವುದು ದಕ್ಷಿಣ ಧ್ರುವಕ್ಕೆ, ಬಿಸಿಲೇ ಕಾಣದ ಕುಳಿಗಳ ಹತ್ತಿರ, ಅಲ್ಲಿನ ಮಂಜುಗಡ್ಡೆಯ ಆಸೆಗೆ. 2009ರ ಅಕ್ಟೋಬರ್ 9ರಂದು ನಾಸಾ ಅಂಥ ಒಂದು ಕುಳಿಗೆ, ಕ್ಯಾಬಿಯಸ್ ಅಂತ ಅದರ ಹೆಸರು, ರಾಕೆಟ್ಟಿನ ತುಂಡೊಂದನ್ನು ಬೇಕಂತಲೇ ಅಪ್ಪಳಿಸಿತು. ಎದ್ದ ಮೋಡದಲ್ಲಿ ನೀರು ಸಿಕ್ಕಿತು, ಎಲ್ಲರೂ ಕುಣಿದರು. ಅದೇ ಮೋಡದಲ್ಲಿ ಪಾದರಸವೂ ಸಿಕ್ಕಿತು, ಗಂಧಕದ ಸಂಯುಕ್ತಗಳೂ ಸಿಕ್ಕವು. ಕೊರೆಯುವ ಚಳಿಯಲ್ಲಿ ಇವೆಲ್ಲ ಮಣ್ಣಿನ ಜೊತೆ ಹೆಪ್ಪುಗಟ್ಟಿ ಕೂತಿವೆ. ಆ ಮಣ್ಣನ್ನು ಅಗೆದು, ಬೆಚ್ಚಗಿನ ಕೋಣೆಗೆ ತಂದು, ಕರಗಿಸಿ ನೀರು ಮಾಡುವುದು ಯೋಜನೆ. 'ವಿಷ' ಅನ್ನೋ ಪದವನ್ನು ಇಲ್ಲಿಗೆ ಉಳಿಸಿಕೊಳ್ಳುವುದು ಒಳ್ಳೆಯದು.

ದಕ್ಷಿಣದ ಆ ಕಡೆ ನಮ್ಮದೂ ಒಂದು ಕಾಲು ಇದೆ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದಾಗ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಕಣ್ಣಿಗೆ ಕಾಣದೇ ಹೋದದ್ದು ಅದು ಎಬ್ಬಿಸಿದ ಧೂಳು. ಇಳಿಯುವ ಮೊದಲು ಮತ್ತು ಇಳಿದ ಮೇಲಿನ ಚಿತ್ರಗಳನ್ನು ಹೋಲಿಸಿ ಇಸ್ರೊ ವಿಜ್ಞಾನಿಗಳು ಲೆಕ್ಕ ಕೊಟ್ಟರು: ಸುಮಾರು 2.06 ಟನ್ ಮೇಲ್ಮಣ್ಣು ಚದುರಿ 108.4 ಚದರ ಮೀಟರ್ ಜಾಗಕ್ಕೆ ಹರಡಿತು. ಒಂದು ಸಣ್ಣ ನೌಕೆಗೇ ಇಷ್ಟು. ಜನರನ್ನು ಹೊತ್ತ ದೊಡ್ಡ ನೌಕೆಗಳು ಪದೇ ಪದೇ ನೆಲೆಯ ಪಕ್ಕ ಇಳಿದರೆ? ಗಾಳಿ ತಡೆಯಿಲ್ಲದ ಕಡೆ ಕಣಗಳು ಗುಂಡಿನ ಹಾಗೆ ನೇರವಾಗಿ ಹೋಗುತ್ತವೆ. 1969ರಲ್ಲಿ ಅಪೊಲೊ 12 ಇಳಿದ ಜಾಗದಿಂದ ಸುಮಾರು 160 ಮೀಟರ್ ದೂರದಲ್ಲಿ ಹಳೆಯ ಸರ್ವೇಯರ್ 3 ನೌಕೆ ನಿಂತಿತ್ತು. ಅದರ ಭಾಗಗಳನ್ನು ಬಿಚ್ಚಿ ತಂದು ನೋಡಿದರೆ, ಮರಳು ಹೊಡೆದು ಉಜ್ಜಿದ ಹಾಗಿತ್ತು. ಅದಕ್ಕೇ ಇಳಿಯುವ ಜಾಗಕ್ಕೆ ಕಲ್ಲು ಹಾಸಿನಂಥದ್ದು ಬೇಕು ಅನ್ನುತ್ತಾರೆ. ನಮ್ಮ ಐಐಎಸ್‌ಸಿಯಲ್ಲಿ ಚಂದ್ರನ ನಕಲು ಮಣ್ಣಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಜಾತಿಯ ಗಿಡದ ಅಂಟು ಸೇರಿಸಿ ಇಟ್ಟಿಗೆ ಮಾಡಿ ನೋಡಿದ್ದಾರೆ. ಧೂಳಿಗೆ ಮದ್ದು ಅಂತ ಮಾಡಿದ್ದಲ್ಲ ಅದು, ಆದರೂ ಬಿಡಿ ಮಣ್ಣು ಗಟ್ಟಿಯಾದರೆ ಅಷ್ಟು ಧೂಳು ಕಡಿಮೆ.

ಉಪಾಯಗಳು ಇಲ್ಲವೇ ಇಲ್ಲ ಅಂತಲ್ಲ. ಧೂಳಿನ ವಿದ್ಯುದಂಶವನ್ನೇ ಅದರ ಮೇಲೆ ತಿರುಗಿಸುವ ಒಂದು ವಿದ್ಯೆಯನ್ನು ನಾಸಾ ಮಾಡಿದೆ. ಗಾಜಿನ ಮೇಲೆ, ಬಟ್ಟೆಯ ಮೇಲೆ ಸಣ್ಣ ತಂತಿಗಳನ್ನು ಹರಡಿ, ಬದಲಾಗುವ ವಿದ್ಯುತ್ ಅಲೆ ಹಾಯಿಸಿದರೆ ಧೂಳು ತಾನೇ ಜರುಗಿ ಬೀಳುತ್ತದೆ. 2025ರ ಮಾರ್ಚ್‌ನಲ್ಲಿ ಇಳಿದ ಬ್ಲೂ ಗೋಸ್ಟ್ ನೌಕೆಯಲ್ಲಿ ಇದನ್ನು ಚಂದ್ರನ ಮೇಲೇ ಪರೀಕ್ಷಿಸಿದರು, ಕೆಲಸ ಮಾಡಿತು. ಒಳಗಿನ ಗಾಳಿಗೆ ಒಳ್ಳೆಯ ಫಿಲ್ಟರ್ ಹೇಗೂ ಬೇಕು. ಫಿಲ್ಟರ್ ತುಂಬಿದ ಮೇಲೆ ಅದನ್ನು ಬದಲಾಯಿಸುವವರ ಮೂಗಿನ ಗತಿ ಏನು ಅನ್ನುವುದು ಮಾತ್ರ ಯಾರೂ ಅಷ್ಟಾಗಿ ಕೇಳದ ಪ್ರಶ್ನೆ.

ನನಗೆ ಹೆಚ್ಚು ಭರವಸೆ ಇರುವುದು ಸರಳವಾದ ಇನ್ನೊಂದರ ಮೇಲೆ. ಸೂಟನ್ನು ಮನೆಯೊಳಗೇ ತರುವುದು ಬೇಡ. ಅದು ಹೊರಗೋಡೆಗೆ ಬೆನ್ನು ಕೊಟ್ಟು ನೇತಾಡುತ್ತಿರಲಿ, ಬೆನ್ನಲ್ಲೊಂದು ಬಾಗಿಲು ಇರಲಿ, ಒಳಗಿನಿಂದ ಅದರೊಳಗೆ ತೂರಿಕೊಳ್ಳುವುದು, ಕೆಲಸ ಮುಗಿದ ಮೇಲೆ ಹಾಗೇ ವಾಪಸ್ ತೂರಿ ಬರುವುದು. ಚಪ್ಪಲಿ ಹೊಸ್ತಿಲ ಆಚೆ ಬಿಡುವ ಕ್ರಮವೇ ಇದು, ಎಂಜಿನಿಯರುಗಳ ಕೈಯಲ್ಲಿ.

ಅಪೊಲೊ 12ರಲ್ಲೇ ಇದರ ಮೊದಲ ಪಾಠ ಆಗಿತ್ತು. ಪೀಟ್ ಕಾನ್ರಾಡ್ ಮತ್ತು ಅಲನ್ ಬೀನ್ ಚಂದ್ರನಿಂದ ಮೇಲೆದ್ದು ಕಕ್ಷೆಗೆ ಬಂದರು. ಅಲ್ಲಿ ತೂಕವೇ ಇಲ್ಲ. ನೆಲದ ಮೇಲೆ ಸುಮ್ನೆ ಬಿದ್ದಿದ್ದ ಧೂಳೆಲ್ಲ ಎದ್ದು ತೇಲಾಡತೊಡಗಿತು. ತಾಯಿ ನೌಕೆಯಲ್ಲಿ ಕಾಯುತ್ತಿದ್ದವರು ಡಿಕ್ ಗಾರ್ಡನ್. ಎರಡು ನೌಕೆ ಕೂಡಿದ ಮೇಲೆ ನಡುವಿನ ಬಾಗಿಲು ತೆಗೆದು ನೋಡಿದರೆ ಆಚೆ ಕಡೆ ಹೊಗೆ ಕವಿದ ಹಾಗೆ ಧೂಳು. ಈ ಅವತಾರದಲ್ಲಿ ನನ್ನ ನೌಕೆಗೆ ಬರಬೇಡಿ ಅಂತ ಅವರು ತಡೆದರು. ಬೇರೆ ದಾರಿ ಇರಲಿಲ್ಲ. ಸೂಟು ಬಿಚ್ಚಿದರು, ಒಳಬಟ್ಟೆಯನ್ನೂ ಬಿಚ್ಚಿದರು. ಇಬ್ಬರೂ ಬರಿಮೈಯಲ್ಲಿ ಬಾಗಿಲು ದಾಟಿ ಬಂದರು.